ಬಾಡಿಗೆ ತವರು

ಕ್ರೀಡಾ ಸಮಿತಿಯ ಸಭೆ, ಮಧ್ಯಾಹ್ನ ಮೂರು.
ಫ್ಯಾನು ಬಳ್ಳಾರಿಯ ಬಿಸಿಯನ್ನೇ ತಿರುವಿ ತಿರುವಿ ಹಾಕುತ್ತಿದೆ.
ಪ್ರಾಂಶುಪಾಲರು ಕನ್ನಡಕ ಒರೆಸುತ್ತ ಕೇಳಿದರು:
ಈ ಸಲದ ತವರಿನ ಪಂದ್ಯ
ಬೈಪಾಸಿನ ಹೊಸ ಒಳಾಂಗಣದಲ್ಲಿ ಆಡಿಸೋಣವೇ?
ಮರದ ನೆಲ. ಎಂಟುನೂರು ಕುರ್ಚಿ. ಏಸಿ.
ಅರ್ಧ ದಿನಕ್ಕೆ ಒಂಬತ್ತು ಸಾವಿರ, ಕರೆಂಟು ಬೇರೆ.

ಗಣಿತದ ವೀರಭದ್ರಗೌಡರು ಬಿಸ್ಕತ್ತು ಅದ್ದುತ್ತಿದ್ದರು.
ನಾನು ನಡಾವಳಿ ಬರೆಯುವವಳು, ಕಾಮರ್ಸ್ ವಿಭಾಗ;
ಹದಿನಾರು ವರ್ಷದ ಹಿಂದೆ
ಇದೇ ಕಾಲೇಜಿನ ಏಳನೇ ನಂಬರಿನ ಅಂಗಿ.
ತವರು ಎಂದು ಬರೆದೆ.
ಪೆನ್ನು ಅಲ್ಲಿಗೇ ನಿಂತಿತು.
ತವರಿಗೂ ಉಂಟೇ ಗಂಟೆಯ ಲೆಕ್ಕದ ಬಾಡಿಗೆ?

ಕಿಟಕಿಯಾಚೆ ನಮ್ಮ ಅಂಕಣ.
ಸಿಮೆಂಟು, ಅದರ ಮೇಲೆ
ಸಂಡೂರಿನ ಲಾರಿಗಳು ದಾರಿಗುಂಟ ಹಂಚಿಹೋದ ಕೆಂಪು.
ಬೆಳಿಗ್ಗೆ ವನ್ನೂರಪ್ಪ ನೀರು ಹೊಡೆದು ಗುಡಿಸಿದರೂ
ಸಂಜೆಗೆ ಎಲ್ಲರ ಅಂಗೈಗೂ ಖರ್ಚಿಲ್ಲದ ಗೋರಂಟಿ.
ಉತ್ತರದ ಕಂಬ ಎರಡು ಬೆರಳು ವಾಲಿದೆ.
ರಿಂಗಿಗೆ ಬಲೆಯಿಲ್ಲ; ಚೆಂಡು ಹೊಕ್ಕಿತೋ ಇಲ್ಲವೋ
ರೆಫ್ರಿಯೊಡನೆ ಜಗಳ ಮಾತ್ರ ಖಾತ್ರಿ.

ಮತ್ತೆ ಎಡಮೂಲೆಯಲ್ಲಿ ಆ ಬಿರುಕು,
ಬೇವಿನ ಬೇರು ಕೆಳಗಿನಿಂದ ಎತ್ತಿದ್ದು.
ಅಲ್ಲಿ ಬಿದ್ದ ಚೆಂಡು ಏಳುವುದಿಲ್ಲ,
ಬೈಸಿಕೊಂಡ ಮಗುವಿನ ಹಾಗೆ ಕೂತುಬಿಡುತ್ತದೆ.
ನಮಗೆ ಗೊತ್ತು. ಬಂದವರಿಗೆ ಗೊತ್ತಿಲ್ಲ.
ರಾಯಚೂರಿನವರನ್ನು ಸೋಲಿಸಿದ್ದು
ಅವರ ಉದ್ದನೆಯ ಹುಡುಗಿಯನ್ನು
ಆ ಮೂಲೆಗೆ ಒತ್ತಿ, ಒತ್ತಿ.
ಕಪ್ ಇನ್ನೂ ಗಾಜಿನ ಬೀರುವಿನಲ್ಲಿದೆ.
ಅದರ ಮೇಲೆ ನಮ್ಮ ಹೆಸರಿದೆ, ಬಿರುಕಿನದಿಲ್ಲ.
ಗೆದ್ದದ್ದು ಯಾರು ಎಂದು
ಇಷ್ಟು ವರ್ಷ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮರದ ನೆಲಕ್ಕೆ ಒಂದೇ ಮನಸ್ಸಂತೆ.
ಎಲ್ಲಿ ಹೊಡೆದರೂ ಅಷ್ಟೇ ಎತ್ತರ,
ನಮಗೂ ಬಂದವರಿಗೂ.
ಮೊಣಕಾಲು ಕೆತ್ತುವುದಿಲ್ಲ.
ಮಾರ್ಚಿಯಲ್ಲಿ ಶೂವಿನ ಅಡಿ ಮೆತ್ತಗಾಗಿ ಅಂಟುವುದಿಲ್ಲ.
ಕೌಲ್ ಬಜಾರಿನ ಶಾಹೀನಾಳ ತಾಯಿ,
ಗಂಡಸರ ನಡುವೆ ಬಿಸಿಲಲ್ಲಿ ನಿಲ್ಲಲಾರದಾಕೆ,
ಒಮ್ಮೆಯಾದರೂ ಕುರ್ಚಿಯಲ್ಲಿ ಕೂತು
ಮಗಳ ಓಟ ನೋಡಿಯಾಳು.

ಆದರೆ ಹಾಸ್ಟೆಲಿನ ಇನ್ನೂರು ಹುಡುಗಿಯರಿಗೆ
ಆರು ಗಂಟೆಯ ಮೇಲೆ ಗೇಟಿಲ್ಲ.
ಪಂದ್ಯವೆಂದರೆ ಅವರಿಗೆ ಕಿಟಕಿಯ ಸರಳು,
ಸ್ಟೀಲಿನ ತಟ್ಟೆ, ಚಮಚ.
ಸಿರುಗುಪ್ಪದ್ದೊಂದು ದನಿ, ಕೂಡ್ಲಿಗಿಯದ್ದೊಂದು,
ತೆಲುಗಿನಲ್ಲೇ ಬೈಯುವ ಆಲೂರಿನದ್ದೊಂದು,
ಮೂರು ಮಹಡಿ ಸೇರಿ ಒಂದೇ ಗದ್ದಲ.
ಫ್ರೀ ಥ್ರೋ ಎಸೆಯುವವಳ ಬೆನ್ನಿಗೆ
ಆ ಗದ್ದಲ ಕೈಯಿಟ್ಟ ಹಾಗಿರುತ್ತಿತ್ತು.
ಟೆಂಪೋದಲ್ಲಿ ಅದಕ್ಕೆ ಸೀಟಿಲ್ಲ.

ಒಪ್ಪಿದವರು ಕೈಯೆತ್ತಿ, ಎಂದರು.
ಎತ್ತಿದೆ.
ಶಾಹೀನಾಳ ತಾಯಿಗಾಗಿಯೋ
ಬೀರುವಿನ ಆ ಕಪ್ಪಿಗೆ ಹೆದರಿಯೋ, ನನಗೇ ತಿಳಿಯದು.
ವೀರಭದ್ರಗೌಡರೂ ಎತ್ತಿದರು, ಬಿಸ್ಕತ್ತು ಸಮೇತ.

ಪಂದ್ಯದ ದಿನ ಎಂಟುನೂರು ಕುರ್ಚಿಗೆ ನಲವತ್ತು ಜನ.
ಶೂಗಳ ಕೀರಲು, ವಿಸಲ್ಲು,
ಯಾರದೋ ಮೊಬೈಲು, ಎಲ್ಲ ಬಿಡಿಬಿಡಿಯಾಗಿ ಕೇಳುತ್ತಿತ್ತು.
ನಮ್ಮ ಹುಡುಗಿಯರು ಎದುರಾಳಿಯನ್ನು ಎಡಮೂಲೆಗೇ ಒತ್ತುವರು,
ಹಾಳು ಅಭ್ಯಾಸ.
ಚೆಂಡು ಅಲ್ಲೂ ಪುಟಿದು ಅವಳ ಕೈಗೇ ಬರುತ್ತಿತ್ತು.
ಹತ್ತು ನಿಮಿಷ ಬೇಕಾಯಿತು ಅದನ್ನು ಮರೆಯಲು.
ಆಮೇಲೆ ಆಡಿದರು. ಆಡಿದರು ಅಂದರೆ,
ನಾವೆಂದೂ ಹಾಗೆ ಆಡಿದವರಲ್ಲ.
ಮುಂದಿನ ಸಾಲಲ್ಲಿ ಆ ತಾಯಿ
ಟಿಫಿನ್ ಡಬ್ಬಿಯನ್ನು ಎದೆಗೊತ್ತಿ ಹಿಡಿದಿದ್ದಳು,
ಕೊನೆಯವರೆಗೂ ತೆರೆಯಲಿಲ್ಲ.

ಒಂಬತ್ತೂವರೆಗೆ ಟೆಂಪೋ ಮರಳಿತು.
ವನ್ನೂರಪ್ಪ ಗೇಟು ತೆಗೆದ, ಏನನ್ನೂ ಕೇಳಲಿಲ್ಲ.
ಕತ್ತಲಲ್ಲಿ ಅಂಕಣ ದಾಟುವಾಗ
ಮೂರನೇ ಮಹಡಿಯಿಂದ ಪಿಸುಮಾತಿಗಿಂತ ತುಸು ದೊಡ್ಡದಾಗಿ:
ಅಕ್ಕಾ, ಏನಾತು?

ನಾಯಕಿ ಸುಂಕಮ್ಮ ತಲೆಯೆತ್ತಿ ನಿಂತಳು.
ತವರಿನ ಪಂದ್ಯದ ಸುದ್ದಿಯನ್ನು
ತವರಿಗೆ ಕೂಗಿ ಹೇಳಬೇಕಾಗಿ ಬಂದದ್ದು
ಅವಳಿಗೆ ಅದೇ ಮೊದಲು.
ಗೆದ್ವಿ, ನಾಕು ಪಾಯಿಂಟು, ಅಂದಳು.

ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ ಒಂದೇ ಒಂದು ತಟ್ಟೆ ಸದ್ದಾಯಿತು.
ವಾರ್ಡನ್ನರ ಕೋಣೆಯಲ್ಲಿ ದೀಪ ಹತ್ತಿತು.